ಎಂಟು ತಿಂಗಳ ಪುಟ್ಟಿ, ಮೂರು ರಾತ್ರಿಯ ಹಡಗು

"ಟೈಟಾನಿಕ್ ಸಿನಿಮಾ ನೋಡಿಲ್ವೇನೋ ನೀನು?"

ಮಗುವನ್ನ ಕರ್ಕೊಂಡು ಹಡಗಿನಲ್ಲಿ ಗೋವಾಗೆ ಹೋಗ್ತೀವಿ, ಟಿಕೆಟ್ ಆಗಿದೆ ಅಂದ ತಕ್ಷಣ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಎರಡನೇದು, "ಅಲ್ಲಿ ಕೂಸಿಗೆ ರಾಗಿ ಸರಿ ಯಾರು ಮಾಡಿ ಕೊಡ್ತಾರೆ?"

ಮೊದಲನೇದಕ್ಕೆ ನನ್ನ ಹತ್ರ ಉತ್ತರ ರೆಡಿ ಇತ್ತು. ಟೈಟಾನಿಕ್‌ನಲ್ಲಿದ್ದ ಅತಿ ಚಿಕ್ಕ ಪ್ರಯಾಣಿಕಳು ಮಿಲ್ವಿನಾ ಡೀನ್ ಅನ್ನೋ ಒಂಬತ್ತು ವಾರದ ಕೂಸು. ಬದುಕಿ ಉಳಿದವರಲ್ಲಿ ಎಲ್ಲರಿಗಿಂತ ಕೊನೆಗೆ, 2009ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡಿದ್ದೂ ಅವರೇ. ಇದನ್ನ ಹೇಳಿ ಗೆದ್ದೆ ಅಂದುಕೊಂಡೆ. ಅಮ್ಮ ತುಮಕೂರಿನಿಂದ ಫೋನಲ್ಲೇ ಒಂದು ನಿಟ್ಟುಸಿರು ಬಿಟ್ಟು, "ರಾಗಿ ಸರಿಗೆ ಏನು ಮಾಡ್ತೀಯ ಅದು ಹೇಳು" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಅನ್ಸುತ್ತೆ, ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು ಅಂತ.

ಹಡಗೇ ಯಾಕೆ ಅಂತ ಮೊದಲು ಹೇಳ್ತೀನಿ. ಇದು ನನ್ನ ಐಡಿಯಾ ಅಲ್ಲ, ನನ್ನ ಹೆಂಡತಿಯದು. ತವರಲ್ಲಿ ಮೂರು ತಿಂಗಳ ಬಾಣಂತನ ಮುಗಿಸಿಕೊಂಡು ಪೀಣ್ಯದ ನಮ್ಮ ಎರಡು ರೂಮಿನ ಮನೆಗೆ ವಾಪಸ್ ಬಂದಮೇಲೆ ಐದು ತಿಂಗಳು ಅವಳು ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿರಲಿಲ್ಲ. 2017ರ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ ಸಿಗುತ್ತೆ. ಅದು ಮುಗಿದಮೇಲೆ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ಲು. ಖಾಸಗಿ ಕಂಪನಿಯಲ್ಲಿರುವ ಅಪ್ಪಂದಿರಿಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ನಮ್ಮ ಕಂಪನಿ ಉದಾರ ಮನಸ್ಸು ಮಾಡಿ ಒಂದು ವಾರ ಕೊಟ್ಟಿತ್ತು, ಅದರಲ್ಲಿ ಮೂರು ದಿನ ನಾನು ಲ್ಯಾಪ್‌ಟಾಪ್ ಮುಂದೆ ಇದ್ದೆ.

ಅವಳು ಕೆಲಸಕ್ಕೆ ವಾಪಸ್ ಹೋಗೋಕೆ ಎರಡು ವಾರ ಇದ್ದಾಗ ಕೇಳಿದೆ, ಎಲ್ಲಾದ್ರೂ ಹೋಗೋಣ್ವಾ, ಕೂರ್ಗ್? ಚಿಕ್ಕಮಗಳೂರು?

"ನಂಗೆ ಜಾಗ ಯಾವ್ದಾದ್ರೂ ಪರವಾಗಿಲ್ಲ ಕಣೋ. ಮೂರು ದಿನ ಯಾರಾದ್ರೂ ಅಡುಗೆ ಮಾಡಿ ಹಾಕ್ಬೇಕು. ಮತ್ತೆ ನಿನ್ನ ಫೋನ್ ರಿಂಗ್ ಆಗ್ಬಾರ್ದು."

ಎರಡನೇ ಷರತ್ತು ನೆಲದ ಮೇಲೆ ಸಾಧ್ಯ ಇರಲಿಲ್ಲ. ನಾನು ಕೆಲಸ ಮಾಡೋದು ಸಿಎನ್‌ಸಿ ಮಷೀನ್‌ಗಳ ಸಾಫ್ಟ್‌ವೇರ್ ಬರೆಯೋ ಕಂಪನಿಯಲ್ಲಿ. ಪೀಣ್ಯದ ಯಾವುದೋ ಶೆಡ್‌ನಲ್ಲಿ ರಾತ್ರಿ ಪಾಳಿಯ ಮಷೀನ್ ನಿಂತ್ರೆ ನನ್ನ ಫೋನ್ ಹೊಡ್ಕೊಳ್ಳುತ್ತೆ. ಹಡಗು ದಡ ಬಿಟ್ಟು ಸ್ವಲ್ಪ ದೂರ ಹೋದ್ರೆ ಮೊಬೈಲ್ ಸಿಗ್ನಲ್ ಇರಲ್ಲ. ಹಡಗಿನ ವೈಫೈಗೆ ಬೇರೆ ದುಡ್ಡು. ನಾವು ಕೊಡಲಿಲ್ಲ.

ಆದ್ರೆ ಬೆಂಗಳೂರಿನವರಿಗೆ ಹಡಗು ಹತ್ತಿರದಲ್ಲಿಲ್ಲ. ನಮ್ಮದೇ ನವಮಂಗಳೂರು ಬಂದರಿಗೆ ಪ್ರತಿ ಸೀಸನ್‌ನಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರ್ತವೆ. ಅವು ಬೆಳಗ್ಗೆ ಬಂದು, ಪ್ರವಾಸಿಗರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ ತೋರಿಸಿ ಸಂಜೆ ಹೊರಟುಹೋಗ್ತವೆ. ಅಲ್ಲಿ ಇಳಿಯೋರೇ ಹೊರತು ನಮ್ಮಂಥವರು ಹತ್ತೋಕೆ ಬಂದವಲ್ಲ. ಹಾಗಾಗಿ ಮುಂಬೈ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾದ ಎಂಪ್ರೆಸ್ ಹಡಗು ಅಲ್ಲಿಂದ ಶುರುವಾದ ಮೇಲೆ ಪಾಸ್‌ಪೋರ್ಟ್ ಇಲ್ಲದೆಯೂ ಕ್ರೂಸ್ ಹೋಗಬಹುದು ಅನ್ನೋದು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಾಯ್ತು. (ಆ ಹಡಗು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅನ್ನೋ ಹೆಸರಲ್ಲಿ ಅಮೆರಿಕದ ಕಡೆ ಓಡೋಕೆ ಶುರು ಮಾಡಿದ್ದು. ವಯಸ್ಸಲ್ಲಿ ನನಗಿಂತ ದೊಡ್ಡದು.)

ಲಕ್ಷದ್ವೀಪದ ಟ್ರಿಪ್ ನೋಡಿ ಆಸೆ ಆಯ್ತು. ಆದ್ರೆ ಅಲ್ಲಿಗೆ ಪ್ರವೇಶ ಪರವಾನಗಿ ಬೇಕು, ಅದು ಇರಲಿ. ದೊಡ್ಡ ಹಡಗು ದ್ವೀಪದ ಹತ್ತಿರ ಹೋಗಲ್ಲ, ದೂರದಲ್ಲೇ ನಿಂತು ಜನರನ್ನ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಸಾಗಿಸ್ತಾರೆ. ಅಲೆಗೆ ಏಳುತ್ತಾ ಬೀಳುತ್ತಾ ಇರೋ ದೋಣಿಗೆ ಎದೆಗೆ ಕೂಸು ಕಟ್ಟಿಕೊಂಡು ಹೆಜ್ಜೆ ಇಡೋದನ್ನ ಯೋಚಿಸಿ ಬಿಟ್ಟುಬಿಟ್ವಿ. ಗೋವಾದಲ್ಲಾದ್ರೆ ಹಡಗು ಮೊರ್ಮುಗಾವ್ ಬಂದರಿನ ಕಟ್ಟೆಗೇ ತಾಗಿ ನಿಲ್ಲುತ್ತೆ. ಮೂರು ರಾತ್ರಿ. ಮಳೆಗಾಲ ಮುಗಿದು ಅರಬ್ಬೀ ಸಮುದ್ರ ತಣ್ಣಗಿರೋ ಡಿಸೆಂಬರ್ ಆರಿಸಿಕೊಂಡ್ವಿ.

ಎಷ್ಟು ತಿಂಗಳ ಮಗುವನ್ನ ಹತ್ತಿಸ್ಕೊಳ್ತಾರೆ ಅನ್ನೋದನ್ನ ದುಡ್ಡು ಕಟ್ಟೋ ಮೊದಲೇ ಕೇಳಬೇಕು. ಕಂಪನಿ ಕಂಪನಿಗೂ ನಿಯಮ ಬೇರೆ. ರಾಯಲ್ ಕೆರಿಬಿಯನ್‌ನಂಥ ದೊಡ್ಡ ಕಂಪನಿಗಳಲ್ಲಿ ಕನಿಷ್ಠ 6 ತಿಂಗಳು, ಮಹಾಸಾಗರ ದಾಟೋ ಉದ್ದ ಪ್ರಯಾಣಕ್ಕಾದ್ರೆ 12 ತಿಂಗಳು. ನಾನು ಇದನ್ನ ಬರೀ ರೂಲ್ಸ್ ಅಂದುಕೊಂಡಿದ್ದೆ. ಕಾರಣ ಏನು ಅಂತ ಮೂರನೇ ರಾತ್ರಿ ಗೊತ್ತಾಯ್ತು. ಅದಕ್ಕೆ ಬರ್ತೀನಿ.

ಪ್ಯಾಕಿಂಗ್ ಜವಾಬ್ದಾರಿ ನಾನೇ ತಗೊಂಡೆ. ಸ್ಪ್ರೆಡ್‌ಶೀಟ್ ಮಾಡಿದೆ, ಕಲರ್ ಹಾಕಿದೆ. ಆದ್ರೂ ಎರಡು ದೊಡ್ಡ ತಪ್ಪು.

ಒಂದು, ಡೈಪರ್ ಪ್ಯಾಕೆಟ್‌ಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿದೆ. ಬಂದರಿನಲ್ಲಿ ದೊಡ್ಡ ಲಗೇಜನ್ನ ಬಾಗಿಲಲ್ಲೇ ತಗೊಂಡುಬಿಡ್ತಾರೆ. ಅದು ಸ್ಕ್ಯಾನ್ ಆಗಿ, ಸಾವಿರಾರು ಬ್ಯಾಗುಗಳ ಜೊತೆ ಮೇಲೆ ಬಂದು ನಮ್ಮ ಕೋಣೆ ಬಾಗಿಲಿಗೆ ತಲುಪೋ ಹೊತ್ತಿಗೆ ಸಂಜೆ. ಮಧ್ಯಾಹ್ನದಿಂದ ಸಂಜೆವರೆಗೆ ನಮ್ಮ ಕೈಲಿದ್ದದ್ದು ಎರಡೇ ಡೈಪರ್. ಹಡಗಿನ ಅಂಗಡಿಯಲ್ಲಿ ವಾಚು, ಸೆಂಟು ಎಲ್ಲ ಇತ್ತು, ಡೈಪರ್ ಇರಲಿಲ್ಲ. ನನ್ನ ಹೆಂಡತಿಯ ಕಾಟನ್ ದುಪಟ್ಟಾ ಆ ದಿನ ಲಂಗೋಟಿ ಆಯ್ತು.

ಎರಡು, ರಾಗಿ ಸರಿಗೆ ಅಂತ ಸಣ್ಣ ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಂಡಿದ್ದೆ. ಕಾಯೋ ಸಾಮಾನು ಯಾವುದನ್ನೂ ಹಡಗಿನೊಳಗೆ ಬಿಡಲ್ಲ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸೋ ಕಾಯಿಲ್ ಕೂಡ. ನಡು ಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ. ಇಳಿಯುವಾಗ ವಾಪಸ್ ಕೊಡ್ತೀವಿ ಅಂತ ಚೀಟಿ ಅಂಟಿಸಿ ಇಟ್ಕೊಂಡ್ರು. ಅಮ್ಮನ ಪ್ರಶ್ನೆ ನೆನಪಾಯ್ತು.

ಊಟದ ಹಾಲ್‌ನಲ್ಲಿ ಸಿಬ್ಬಂದಿಯೊಬ್ಬರ ಹತ್ರ ಹೋಗಿ ರಾಗಿ ಹಿಟ್ಟಿನ ಡಬ್ಬ ತೋರಿಸಿ, ಇದನ್ನ ನೀರಲ್ಲಿ ಗಂಟಿಲ್ಲದ ಹಾಗೆ ಕುದಿಸಿ ಕೊಡಬಹುದಾ ಅಂತ ಕೇಳಿದೆ. ಅವರು ಒಳಗೆ ಹೋಗಿ ಅಡುಗೆಯವರನ್ನೇ ಕರ್ಕೊಂಡು ಬಂದ್ರು. ಆತನಿಗೆ ರಾಗಿ ಗೊತ್ತಿರಲಿಲ್ಲ. "ಚಾಕೊಲೇಟಾ?" ಅಂತ ಮೂಸಿ ನೋಡಿದ್ರು. ನಾನು ಯೂಟ್ಯೂಬ್ ತೋರಿಸೋಣ ಅಂದ್ರೆ ನೆಟ್ ಇಲ್ಲ. ಬಾಯಲ್ಲೇ ಹೇಳಬೇಕಾಯ್ತು: ಮೊದಲು ತಣ್ಣೀರಲ್ಲಿ ಕಲಸಿ, ಆಮೇಲೆ ಒಲೆಗೆ, ಕೈ ಬಿಡದೆ ತಿರುಗಿಸ್ತಾ ಇರಬೇಕು. ಹೇಳ್ತಾ ಹೇಳ್ತಾ ನನಗೇ ಸಂಶಯ ಬಂತು. ಎಷ್ಟು ನೀರು? ಎಷ್ಟು ಹೊತ್ತು? ಎಂಟು ತಿಂಗಳಲ್ಲಿ ನಾನು ಒಂದು ಸಲವೂ ಮಾಡಿರಲಿಲ್ಲ. ಹೆಂಡತಿ ಹಿಂದೆ ಬಂದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಏನೂ ಹೇಳಲಿಲ್ಲ.

ಸರಿ ಬಂತು, ಸ್ವಲ್ಪ ಗಟ್ಟಿ. ಪುಟ್ಟಿ ತಿಂದಳು. ಉಳಿದ ಹೊತ್ತು ಬಿಳಿ ಅನ್ನ, ಉಪ್ಪು ಹಾಕದ ಬೇಳೆ, ಬೆಂದ ಕ್ಯಾರೆಟ್, ಬಾಳೆಹಣ್ಣು. ಊಟಕ್ಕೆ ಒಂದು ಗಂಟೆ ಮುಂಚೆ ಹೇಳಿದ್ರೆ ಬೇರೆಯಾಗಿ ತೆಗೆದಿಡ್ತಿದ್ರು. ನೀವೂ ಹೋಗೋದಾದ್ರೆ ಒಂದು ಒಳ್ಳೆ ಫ್ಲಾಸ್ಕ್ ಮಾತ್ರ ಸಾಕು, ಬಿಸಿನೀರು ಅವರೇ ತುಂಬಿ ಕೊಡ್ತಾರೆ.

ಹೊರಡೋ ಮುಂಚೆ ಸುರಕ್ಷತಾ ಡ್ರಿಲ್. ಎಲ್ಲರೂ ಸೆಲ್ಫಿ ತಗೋತಿದ್ರು. ನಾನು ಕೂಸಿನ ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದೆ, ಯಾಕಂದ್ರೆ ಕೋಣೆಯ ಕಪಾಟಿನಲ್ಲಿದ್ದದ್ದು ದೊಡ್ಡವರದು ಎರಡೇ. ಈ ವಿಷಯ ಓದಿಕೊಂಡು ಹೋಗಿದ್ದೆ: ಅಂತರರಾಷ್ಟ್ರೀಯ ಸೋಲಾಸ್ ನಿಯಮಗಳಲ್ಲಿ 15 ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆ ಬೇರೆಯದೇ ಜಾಕೆಟ್ ಇದೆ. 24 ಗಂಟೆಗಿಂತ ಉದ್ದದ ಪ್ರಯಾಣವಾದ್ರೆ ಹಡಗಿನಲ್ಲಿರೋ ಪ್ರತಿಯೊಂದು ಶಿಶುವಿಗೂ ಒಂದೊಂದು ಇರಲೇಬೇಕು. ಕೇಳಿದ ಹತ್ತು ನಿಮಿಷಕ್ಕೆ ತಂದುಕೊಟ್ರು. ಕಿತ್ತಳೆ ಬಣ್ಣದ ಆ ಪುಟ್ಟ ಜಾಕೆಟ್ ಹಾಕಿದ ಫೋಟೋ ಅಮ್ಮನಿಗೆ ಕಳಿಸಿದೆ, ಸಿಗ್ನಲ್ ಹೋಗೋ ಮುಂಚಿನ ಕೊನೆ ಫೋಟೋ. ಅಮ್ಮ ಅದನ್ನ ನೋಡಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. ಕಳಿಸಬಾರದಿತ್ತು.

ಕೋಣೆ ವಿಷಯದಲ್ಲಿ ನನ್ನ ಲೆಕ್ಕ ಸರಿಯಾಯ್ತು. ಬಾಲ್ಕನಿ ಬೇಡ ಅಂತ ಕಿಟಕಿಯೇ ಇಲ್ಲದ ಒಳಕೋಣೆ ತಗೊಂಡೆ, ಕೆಳಗಿನ ಡೆಕ್‌ನಲ್ಲಿ, ಹಡಗಿನ ನಡುಭಾಗದಲ್ಲಿ. ಅಲ್ಲಿ ತೂಗಾಟ ಎಲ್ಲಕ್ಕಿಂತ ಕಡಿಮೆ, ರೇಟೂ ಕಡಿಮೆ. ದೀಪ ಆರಿಸಿದ್ರೆ ಮಧ್ಯಾಹ್ನವೂ ಅಮಾವಾಸ್ಯೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಮುದ್ರದ ವಾಂತಿ ಅಪರೂಪ, ಅದು ಜಾಸ್ತಿ ಕಾಡೋದು ಎರಡು ದಾಟಿದ ಮಕ್ಕಳನ್ನ. ಪುಟ್ಟಿಗೆ ಏನೂ ಆಗಲಿಲ್ಲ. ವಾಂತಿ ಆಗಿದ್ದು ನನಗೆ. ಹಡಗು ಸಣ್ಣಗೆ ತೂಗೋದು ಅವಳಿಗೆ ಅಜ್ಜಿ ಮನೆಯ ಸೀರೆ ಜೋಲಿ ಥರ ಅನ್ನಿಸಿರಬೇಕು. ಕೆಳಗಿಂದ ಬರೋ ಎಂಜಿನ್‌ನ ಗುಂಯ್ ಸದ್ದಿಗೂ ಎಚ್ಚರ ಆಗಲಿಲ್ಲ. ನಮ್ಮ ಮನೆ ಹಿಂದೆ ಪ್ರೆಸ್ ಶಾಪ್ ಇದೆ, ರಾತ್ರಿ ಹತ್ತರವರೆಗೂ ದಡ್ ದಡ್ ಅಂತಿರುತ್ತೆ. ಪೀಣ್ಯದ ಮಗು, ಸದ್ದು ಇಲ್ಲದಿದ್ರೇನೇ ಕಷ್ಟ.

ಸ್ನಾನ ಮಾತ್ರ ತಮಾಷೆ. ಬಕೆಟ್ ಇಲ್ಲ, ಚೊಂಬಿಲ್ಲ, ಗೋಡೆಗೆ ಒಂದು ಶವರ್. ಕೈ ತೊಳೆಯೋ ಬೇಸಿನ್ನಿನಲ್ಲೇ ಕೂರಿಸಿ ಎರೆದ್ವಿ. ಮೇಲಿನ ಈಜುಕೊಳಕ್ಕೆ ಡೈಪರ್ ಹಾಕೋ ಮಕ್ಕಳನ್ನ ಹೆಚ್ಚಿನ ಹಡಗುಗಳಲ್ಲಿ ಬಿಡಲ್ಲ, ಈಜೋ ಡೈಪರ್ ಹಾಕಿದ್ರೂ ಅಷ್ಟೇ. ಮಕ್ಕಳ ಕ್ಲಬ್ ಕೂಡ ಬಹುತೇಕ ಕಡೆ ಮೂರು ವರ್ಷದ ಮೇಲಿನವರಿಗೆ. ಅಂದ್ರೆ ಎಂಟು ತಿಂಗಳ ಕೂಸಿಗೆ ಅಂತ ಹಡಗಿನಲ್ಲಿ ಏನೂ ಇಲ್ಲ. ಪುಟ್ಟಿ ಸಮುದ್ರವನ್ನ ಒಂದೂವರೆ ನಿಮಿಷ ನೋಡಿದಳು, ಆಮೇಲೆ ಲಿಫ್ಟಿನ ಬಟನ್ ನೋಡಿದಳು, ಉಳಿದ ಪ್ರವಾಸವೆಲ್ಲ ಲಿಫ್ಟಿನದೇ. ಮಗುವಿಗೆ ತೋರಿಸೋಣ ಅಂತ ಹೋಗೋರು ದುಡ್ಡು ಉಳಿಸ್ಕೊಂಡು ಎಂಟನೇ ಮೈಲಿಯ ಯಾವುದಾದ್ರೂ ಮಾಲ್‌ನ ಲಿಫ್ಟ್ ತೋರಿಸಿ ಬನ್ನಿ.

ಎರಡನೇ ದಿನ ಗೋವಾದಲ್ಲಿ ಎಲ್ಲರೂ ಇಳಿದು ಹೋದ್ರು. ನಾವು ಇಳಿಯಲಿಲ್ಲ. ಇಡೀ ಹಡಗು ಖಾಲಿ. ನನ್ನ ಹೆಂಡತಿ ಡೆಕ್ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು, ಅಲ್ಲೇ ನಿದ್ದೆ ಹೋದಳು. ಎರಡು ಗಂಟೆ. ಬಾಯಿ ಸ್ವಲ್ಪ ತೆರೆದುಕೊಂಡು. ಫೋಟೋ ತೆಗೆದ್ರೆ ಬೈತಾಳೆ ಅಂತ ತೆಗೀಲಿಲ್ಲ.

ಮೂರನೇ ರಾತ್ರಿ. ಹಡಗು ಮುಂಬೈ ಕಡೆ ವಾಪಸ್ ಹೊರಟಿತ್ತು. ಥಿಯೇಟರಿನಲ್ಲಿ ಒಂದು ಶೋ ಇತ್ತು. "ನೀನು ಹೋಗಿ ಬಾ, ನಾನು ನೋಡ್ಕೋತೀನಿ" ಅಂದೆ. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಒಬ್ಬಳೇ ಹೊರಟಳು. ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿದಳು.

ಒಂಬತ್ತೂವರೆಗೆ ಪುಟ್ಟಿ ಅಳ್ತಾ ಎದ್ದಳು. ಎತ್ತಿಕೊಂಡ್ರೆ ಮೈ ಸುಡ್ತಿತ್ತು. ಥರ್ಮಾಮೀಟರ್ 101.2 ತೋರಿಸ್ತು.

ಮೊದಲು ಮಾಡಿದ್ದು ಫೋನ್ ತೆಗೆದಿದ್ದು. ಸಿಗ್ನಲ್ ಇಲ್ಲ. ಹೆಂಡತಿಗೆ ಮಾಡೋ ಹಾಗಿಲ್ಲ, ಅಮ್ಮನಿಗಿಲ್ಲ, ನಮ್ಮ ಮಕ್ಕಳ ಡಾಕ್ಟರಿಗಿಲ್ಲ, ಗೂಗಲ್ಲೂ ಇಲ್ಲ. ಫೋನ್ ರಿಂಗ್ ಆಗಬಾರದು ಅಂತ ಹುಡುಕಿಕೊಂಡು ಬಂದಿದ್ದ ಜಾಗ ಇದೇ.

ಕೋಣೆಯ ಇಂಟರ್‌ಕಾಮ್‌ನಲ್ಲಿ ವೈದ್ಯಕೀಯ ಕೇಂದ್ರಕ್ಕೆ ಮಾಡಿದೆ. ನರ್ಸ್ ಶಾಂತವಾಗಿ ಕೇಳಿದ್ರು: ಎಷ್ಟು ತಿಂಗಳು? ಎಂಟು. ಜ್ವರ ಎಷ್ಟು? ಹೇಳಿದೆ. ಯಾವುದಾದ್ರೂ ಔಷಧಿ ಅಲರ್ಜಿ ಇದೆಯಾ?

ಇಲ್ಲ ಅನ್ಸುತ್ತೆ ಅಂದೆ.

ಕೊನೆಯ ಲಸಿಕೆ ಯಾವಾಗ?

ಗೊತ್ತಿಲ್ಲ.

ಮಗುವಿನ ತೂಕ ಎಷ್ಟು?

ಗೊತ್ತಿಲ್ಲ.

ನನಗೆ ನಮ್ಮ ಗ್ರಾಹಕರ ಮಷೀನ್‌ಗಳ ಸ್ಪಿಂಡಲ್ ಸ್ಪೀಡ್ ಬಾಯಿಪಾಠ. ಯಾವ ಮಷೀನ್ ಯಾವ ಎರರ್ ಕೋಡ್ ಕೊಡುತ್ತೆ ನಿದ್ದೆಗಣ್ಣಲ್ಲೂ ಹೇಳ್ತೀನಿ. ನನ್ನ ಮಗಳ ತೂಕ ನನಗೆ ಗೊತ್ತಿರಲಿಲ್ಲ. ಲಸಿಕೆ ಕಾರ್ಡು, ಡಾಕ್ಟರ್ ಬರೆದುಕೊಟ್ಟ ಔಷಧಿ ಅಳತೆ ಎಲ್ಲ ಹೆಂಡತಿಯ ಪರ್ಸಿನಲ್ಲಿತ್ತು, ಪರ್ಸು ಥಿಯೇಟರಿನಲ್ಲಿತ್ತು. "ಕರ್ಕೊಂಡು ಬನ್ನಿ, ಇಲ್ಲೇ ತೂಗೋಣ" ಅಂದ್ರು ನರ್ಸ್. ಆ ದನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು.

8 ಕಿಲೋ 100 ಗ್ರಾಂ.

ಡಾಕ್ಟರ್ ಕಿವಿ, ಗಂಟಲು, ಎದೆ ಎಲ್ಲ ನೋಡಿದ್ರು. ವೈರಲ್ ಜ್ವರ ಇರಬಹುದು, ಮಗು ಚುರುಕಾಗಿದೆ, ಹಾಲು ಕುಡೀತಿದೆ, ಉಸಿರಾಟ ಸರಿ ಇದೆ ಅಂದ್ರು. ಪ್ಯಾರಾಸಿಟಮಾಲ್ ಅಳತೆ ನಿರ್ಧಾರ ಆಗೋದು ವಯಸ್ಸಿನ ಮೇಲಲ್ಲ, ತೂಕದ ಮೇಲೆ ಅಂತ ನನಗೆ ತಿಳಿದದ್ದು ಆಗಲೇ. ನಮ್ಮಲ್ಲಿ ಅದು ಡ್ರಾಪ್ಸ್, ಸಿರಪ್ ಅಂತ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುತ್ತೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದ್ರೆ ಕೆಲವು ಪಟ್ಟು ಜಾಸ್ತಿ ಆಗಿಬಿಡುತ್ತೆ. ಹೊರಡೋ ಮುಂಚೆ ನಿಮ್ಮ ಡಾಕ್ಟರ್ ಹತ್ರ ಬಾಟಲಿಯನ್ನೇ ತೋರಿಸಿ ಎಷ್ಟು ಎಂಎಲ್ ಅಂತ ಬರೆಸಿಕೊಳ್ಳಿ, ಇಬ್ಬರ ಫೋನಿನಲ್ಲೂ ಅದರ ಫೋಟೋ ಇರಲಿ. ಇಂಟರ್ನೆಟ್ ಇಲ್ಲದೆಯೂ ತೆರೆಯೋ ಹಾಗೆ.

ಧೈರ್ಯ ಮಾಡಿ ಕೇಳಿದೆ. "ಇದು ಜಾಸ್ತಿ ಆಗಿದ್ರೆ?"

ಅವರು ನೇರವಾಗಿಯೇ ಹೇಳಿದ್ರು. ಇಲ್ಲಿ ಆಮ್ಲಜನಕ ಇದೆ, ಡ್ರಿಪ್ ಹಾಕಬಹುದು, ತುರ್ತು ಔಷಧಿ ಇದೆ. ಮಕ್ಕಳ ಐಸಿಯು ಇಲ್ಲ, ಮಕ್ಕಳ ತಜ್ಞರೂ ಇಲ್ಲ. ಅಷ್ಟು ಜಾಸ್ತಿ ಆದ್ರೆ ಹತ್ತಿರದ ಬಂದರಿಗೆ ಹಡಗು ತಿರುಗಿಸಬೇಕು, ಇಲ್ಲ ಕರಾವಳಿ ರಕ್ಷಣಾ ಪಡೆಯ ಸಹಾಯ ಕೇಳಬೇಕು. ಎರಡಕ್ಕೂ ಗಂಟೆಗಳು ಹಿಡಿಯುತ್ತವೆ. ತೀರ ಎಳೆ ಮಕ್ಕಳನ್ನ ಹತ್ತಿಸಿಕೊಳ್ಳದೇ ಇರೋದು ಅದಕ್ಕೇ.

ಪೀಣ್ಯದಲ್ಲಿ ನಮ್ಮ ಮನೆಯಿಂದ ಮಕ್ಕಳ ಆಸ್ಪತ್ರೆಗೆ ಹದಿನೈದು ನಿಮಿಷ. ತುಮಕೂರು ರೋಡ್ ಜಾಮ್ ಇದ್ರೆ ನಲವತ್ತು. ಆ ನಲವತ್ತು ನಿಮಿಷಕ್ಕೆ ನಾನು ಎಷ್ಟು ಶಾಪ ಹಾಕಿದ್ದೀನಿ ಅಂತ ಅವತ್ತು ನೆನಪಾಯ್ತು.

ಹಾಗಾಗಿ ಹೋಗಬೇಕಾ ಬೇಡ್ವಾ ಅಂತ ಕೇಳೋರಿಗೆ ನನ್ನ ಮಾತು ಇಷ್ಟೇ. ಅವಧಿಗೆ ಮುಂಚೆ ಹುಟ್ಟಿದ ಮಗು, ಉಸಿರಾಟದ ತೊಂದರೆ ಇರೋದು, ಫಿಟ್ಸ್ ಬಂದಿದ್ದದ್ದು ಆಗಿದ್ರೆ ಈಗ ಬೇಡ, ಸಮುದ್ರ ಎಲ್ಲೂ ಹೋಗಲ್ಲ. ಗಟ್ಟಿಮುಟ್ಟಾದ ಮಗು, ಲಸಿಕೆಗಳೆಲ್ಲ ಸಮಯಕ್ಕೆ ಆಗಿವೆ, ಎರಡು ಮೂರು ರಾತ್ರಿ, ದಡದ ಪಕ್ಕದಲ್ಲೇ ಸಾಗೋ ಹಡಗು ಅಂದ್ರೆ ಹೋಗಬಹುದು. ಹಡಗಿನ ಡಾಕ್ಟರ್ ಫೀಸು ಬೇರೆ, ಅದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಇನ್ನೊಂದು: ಹಡಗುಗಳಲ್ಲಿ ವಾಂತಿ ಭೇದಿ ಹರಡೋ ನೋರೋವೈರಸ್ ಸ್ಯಾನಿಟೈಸರಿಗೆ ಸರಿಯಾಗಿ ಬಗ್ಗಲ್ಲ, ಸೋಪು ನೀರಲ್ಲೇ ಕೈ ತೊಳೀಬೇಕು. ತೆವಳೋ ಕೂಸಿನ ಕೈಯನ್ನೂ.

ಮತ್ತೆ ಆ ರಾತ್ರಿಗೆ. ಔಷಧಿ ಕುಡಿಸಿ, ತೆಳು ಬಟ್ಟೆ ಹಾಕಿ, ಹೆಗಲ ಮೇಲೆ ಹಾಕ್ಕೊಂಡು ಕಾರಿಡಾರಿನಲ್ಲಿ ಆಚೆ ಈಚೆ ನಡೆದೆ. ಅವಳನ್ನ ಒಬ್ಬನೇ ಮಲಗಿಸಿದ್ದು ಅದೇ ಮೊದಲು. ಜೋಗುಳ ಯಾವುದೂ ಪೂರ್ತಿ ಬರಲಿಲ್ಲ. ಮೆಟ್ರೋ ಸ್ಟೇಷನ್ ಹೆಸರುಗಳನ್ನ ರಾಗವಾಗಿ ಹೇಳಿದೆ: ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ. ಯಶವಂತಪುರ ದಾಟೋ ಹೊತ್ತಿಗೆ ನಿದ್ದೆ ಹೋದಳು.

ಹೆಂಡತಿ ಹನ್ನೊಂದೂವರೆಗೆ ಬಂದಳು, ಖುಷಿಯಾಗಿ, ಯಾವುದೋ ಹಾಡು ಗುನುಗುತ್ತಾ. ಟೇಬಲ್ ಮೇಲಿದ್ದ ಔಷಧಿ ಚೀಟಿ ನೋಡಿ ಹಾಡು ನಿಂತಿತು.

"ನನ್ನ ಯಾಕೆ ಕರೀಲಿಲ್ಲ?"

"ನೀನು ಒಂದು ಸಲ ಹೋಗಿದ್ದೆ ಅಂತ..."

"ಕರೀಬೇಕಿತ್ತು." ಮಗುವಿನ ಹಣೆ ಮುಟ್ಟಿ ನೋಡಿದಳು. ಇಳಿದಿತ್ತು. ಚೀಟಿ ಮತ್ತೆ ಓದಿದಳು. "ತೂಕ ಇಲ್ಲಿ ಯಾಕೆ ತೂಗಿದ್ರು? ನೀನು ಹೇಳಲಿಲ್ವಾ?"

ನಾನು ಸುಮ್ಮನಿದ್ದೆ. ಅವಳಿಗೆ ಅರ್ಥ ಆಯ್ತು. ಜಗಳ ಆಡಲಿಲ್ಲ, ಲೈಟ್ ಆರಿಸಿ ಮಲಗಿದಳು. ಜಗಳ ಆಡಿದ್ದು ಬೆಳಗ್ಗೆ, ಮುಂಬೈ ಬಂದರಿನಲ್ಲಿ, ಕೆಟಲ್ ವಾಪಸ್ ತಗೊಳ್ಳೋ ಸಾಲಿನಲ್ಲಿ ನಿಂತಾಗ. ಚೆನ್ನಾಗಿಯೇ ಆಡಿದಳು. ಮುಂದಿದ್ದ ಮರಾಠಿ ಅಜ್ಜ ಭಾಷೆ ತಿಳೀದಿದ್ರೂ ನನ್ನ ಕಡೆ ಕರುಣೆಯಿಂದ ನೋಡಿದ್ರು.

ಈಗ ಅವಳು ಕೆಲಸಕ್ಕೆ ಹೋಗ್ತಿದ್ದಾಳೆ. ಬೆಳಗಿನ ರಾಗಿ ಸರಿ ನನ್ನದು. ಎರಡು ಚಮಚ ಹಿಟ್ಟಿಗೆ ಒಂದು ಲೋಟ ನೀರು, ಏಳು ನಿಮಿಷ. ಗಂಟು ಇನ್ನೂ ಆಗುತ್ತೆ. ಅಮ್ಮ ವೀಡಿಯೊ ಕಾಲ್‌ನಲ್ಲಿ ಪಾತ್ರೆಯೊಳಗೆ ತೋರಿಸು ಅಂತಾರೆ, ತೋರಿಸ್ತೀನಿ, "ಉರಿ ಕಮ್ಮಿ ಮಾಡೋ" ಅಂತಾರೆ.

ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕು. ಈ ಶನಿವಾರ ಹನ್ನೊಂದಕ್ಕೆ. ಕಾರ್ಡು ನನ್ನ ಬ್ಯಾಗಿನಲ್ಲಿದೆ.